ಬದುವಿನ ಹೂವು, ಎಕ್ಕದ ಹುಳ, ಹೊಂಡದ ಕಪ್ಪೆ: ಮನೆ ಸುತ್ತಲಿನ ಮ್ಯಾಕ್ರೋ ಫೋಟೊಗ್ರಫಿ

ವಿಷ್ಣುಕ್ರಾಂತಿ ಹೂವಿನ ಅಗಲ ಒಂದು ಸೆಂಟಿಮೀಟರ್ ಕೂಡ ಇಲ್ಲ. ನೆಲಕ್ಕೆ ಅಂಟಿಕೊಂಡು ಹಬ್ಬುತ್ತದೆ, ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡುತ್ತದೆ. ಕೊಪ್ಪಳದ ಮಸಾರಿ (ಕೆಂಪು ಮಣ್ಣಿನ) ಹೊಲದ ಬದುವಿನಲ್ಲಿ ಅದನ್ನು ತುಳಿದುಕೊಂಡೇ ಓಡಾಡುತ್ತೇವೆ. ಅದೇ ಹೂವಿನ ಎತ್ತರಕ್ಕೆ ಇಳಿದು ಪರದೆ ತುಂಬುವಷ್ಟು ದೊಡ್ಡದಾಗಿ ತೆಗೆದರೆ ಬಿಳಿ ಕೇಸರ, ನೀಲಿ ಎಸಳಿನ ಮಡಿಕೆ, ಒಳಗೆ ಸಾಸಿವೆ ಗಾತ್ರದ ದುಂಬಿ ಕೂತಿದ್ದರೆ ಅದೂ ಕಾಣುತ್ತದೆ. ಹೀಗೆ ಸಣ್ಣದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವುದೇ ಮ್ಯಾಕ್ರೋ. ಇದಕ್ಕೆ ಮಲೆನಾಡಿಗೆ ಹೋಗಬೇಕಿಲ್ಲ. ಮನೆಯಿಂದ ಇನ್ನೂರು ಹೆಜ್ಜೆಯೊಳಗೆ ವರ್ಷಪೂರ್ತಿ ಕೆಲಸವಿದೆ.

ಆದರೆ ಬಳ್ಳಾರಿ, ರಾಯಚೂರು, ಕೊಪ್ಪಳದ ಬಿಸಿಲು, ಗಾಳಿ, ಧೂಳು ಮೂರನ್ನೂ ಲೆಕ್ಕಕ್ಕೆ ಹಿಡಿದೇ ಹೊರಡಬೇಕು. ಹೊತ್ತು ಮತ್ತು ಬೆಳಕು ಸರಿಯಿದ್ದರೆ ಸಾಧಾರಣ ಮೊಬೈಲಿನಲ್ಲೂ ಒಳ್ಳೆಯ ಚಿತ್ರ ಬರುತ್ತದೆ. ಅವೆರಡು ತಪ್ಪಿದರೆ ಲಕ್ಷ ರೂಪಾಯಿಯ ಲೆನ್ಸೂ ಉಳಿಸುವುದಿಲ್ಲ.

ಯಾವಾಗ, ಎಲ್ಲಿ

ಮೊದಲು ಗಾಳಿಯ ಲೆಕ್ಕ. ಚಿತ್ರದ ಚೌಕಟ್ಟಿನಲ್ಲಿ ಬರುವ ಜಾಗದ ಅಗಲ 23 ಮಿ.ಮೀ. ಇದ್ದಾಗ ಹೂವು 5 ಮಿ.ಮೀ. ಅಲುಗಾಡಿದರೂ ಚೌಕಟ್ಟಿನ ಐದನೇ ಒಂದು ಭಾಗ ಜರುಗಿದ ಹಾಗೆ. ನಮ್ಮ ಬಯಲುಸೀಮೆಯಲ್ಲಿ ಆಷಾಢದ ಗಾಳಿ ಹಗಲಿಡೀ ಬೀಸುತ್ತದೆ. ಹಾಗಾಗಿ ಹೊತ್ತು ಹುಟ್ಟುವ ಮೊದಲೇ ಜಾಗ ಸೇರಿ ಎಂಟು, ಎಂಟೂವರೆಯೊಳಗೆ ಮುಗಿಸುವುದು ಲೇಸು. ಎಂಟರ ನಂತರ ಗಾಳಿ ಏಳುವುದಷ್ಟೇ ಅಲ್ಲ, ಹುಳಗಳಿಗೂ ಮೈ ಬಿಸಿಯಾಗಿ ಒಂದು ಕಡೆ ನಿಲ್ಲುವುದಿಲ್ಲ. ರಾತ್ರಿಯ ತಂಪಿಗೆ ಜಡವಾದ ಪಾತರಗಿತ್ತಿ, ಏರೋಪ್ಲೇನ್ ಚಿಟ್ಟೆಗಳು (ಡ್ರ್ಯಾಗನ್‌ಫ್ಲೈ) ಬಿಸಿಲು ತಾಗುವವರೆಗೆ ಹುಲ್ಲುಕಡ್ಡಿಗೆ ಕಚ್ಚಿಕೊಂಡೇ ಇರುತ್ತವೆ. ಡಿಸೆಂಬರ್, ಜನವರಿಯ ಚಳಿಯ ಮುಂಜಾನೆ ಇದಕ್ಕೆ ಹೇಳಿ ಮಾಡಿಸಿದ ಕಾಲ. ಕಾಲುವೆ ಬದಿಯ ಹುಲ್ಲಿನಲ್ಲಿ ಇಬ್ಬನಿಯೂ ಸಿಗುತ್ತದೆ.

ವರ್ಷದ ಲೆಕ್ಕವನ್ನು ಮಳೆ ನಕ್ಷತ್ರದ ಮೇಲೆ ಇಟ್ಟುಕೊಳ್ಳಿ. ರೋಹಿಣಿ, ಮಿರಗದ ಮೊದಲ ಜೋರು ಮಳೆಗೆ ಕಪ್ಪೆಗಳೂ ಕೆಂಪು ಮಖಮಲ್ಲಿನಂಥ ಹುಳಗಳೂ ನೆಲದಿಂದ ಮೇಲೆ ಬರುತ್ತವೆ. ಮಘೆ, ಹುಬ್ಬೆಯಿಂದ ಚಿತ್ತಿಯವರೆಗೆ, ಅಂದರೆ ಆಗಸ್ಟ್ ನಡುವಿನಿಂದ ಅಕ್ಟೋಬರ್ ಕೊನೆಯತನಕ ಬದುವಿನ ಹೂಗಳ ಸುಗ್ಗಿ: ತುಂಬೆ, ಕನ್ನೆ, ನೆಗ್ಗಿಲು, ಉತ್ತರಾಣಿ, ತಂಗಡಿ. ಮಾರ್ಚ್ ಬಂತೆಂದರೆ ಬಯಲೆಲ್ಲ ಒಣಗುತ್ತದೆ. ಆಗ ಬೇವಿನ ಹೂವು, ಎಕ್ಕದ ಗಿಡ, ಬಚ್ಚಲ ನೀರು ಹರಿಯುವ ಜಾಗ ಇವೇ ಗತಿ. ನೀರಿರುವ ಒಂದು ಗಜ ಜಾಗದಲ್ಲಿ ಬೇಸಿಗೆಯ ಹುಳಗಳೆಲ್ಲ ಸೇರುವುದರಿಂದ ಅದೇನೂ ಕಡಿಮೆ ಫಸಲಲ್ಲ.

ಮಸಾರಿ ನೆಲದ ಹೂವು ಬೇರೆ, ಎರಿ (ಕಪ್ಪು ಮಣ್ಣಿನ) ನೆಲದ ಹೂವು ಬೇರೆ, ಕಾಲುವೆ ಬದಿಯದು ಮತ್ತೂ ಬೇರೆ. ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿಯವರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ಉಪಕಾಲುವೆಗಳು, ಬಳ್ಳಾರಿ ಸಿರುಗುಪ್ಪದವರಿಗೆ ಬಲದಂಡೆಯವು ಹತ್ತಿರ. ನೆಲ್ಲಿನ ಗದ್ದೆ ಬದುವಿನಲ್ಲಿ ಮಲಗುವ ಮೊದಲು ಮಾತ್ರ ಹೊಲದವರನ್ನು ಕೇಳಲೇಬೇಕು: "ಅಣ್ಣಾವ್ರ, ಎಣ್ಣಿ ಹೊಡೆದು ಎಷ್ಟು ದಿನ ಆತ್ರಿ?" ಎಣ್ಣೆ, ಅಂದರೆ ಕೀಟನಾಶಕ, ಹೊಡೆದ ಹೊಸದರಲ್ಲಿ ಆ ಬದುವಿನ ಹತ್ತಿರ ಹೋಗಬೇಡಿ. ಮೈಗೂ ಒಳ್ಳೆಯದಲ್ಲ, ಹುಳವೂ ಸಿಗುವುದಿಲ್ಲ. ಎರಿ ಹೊಲಕ್ಕೆ ಮಳೆ ಬಿದ್ದ ಮರುದಿನ ಇಳಿದರೆ ಕಾಲಿಗೆ ಎರಡು ಕಿಲೊ ಮಣ್ಣು ಮೆತ್ತಿ ಕೂರಲೂ ಆಗದು, ಏಳಲೂ ಆಗದು. ಎರಡು ದಿನ ತಡೆಯಿರಿ, ಅಲ್ಲಿಯತನಕ ಮಸಾರಿ ಕಡೆ ಹೋಗಿ.

ಆನೆಗೊಂದಿ, ಸಂಡೂರು ಕಡೆಯ ಬಂಡೆಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ನಸುಕು, ಮುಸ್ಸಂಜೆ ಎರಡೂ ಅವುಗಳ ಹೊತ್ತು. ಬಗ್ಗಿ ಒಂದೇ ಹೂವಿನ ಮೇಲೆ ಕಣ್ಣಿಟ್ಟವರಿಗೆ ಸುತ್ತಲಿನ ಪರಿವೆ ಇರುವುದಿಲ್ಲ, ಹಾಗಾಗಿ ಗುಡ್ಡಕ್ಕೆ ಒಬ್ಬರೇ ಹೋಗಬೇಡಿ. ತುಂಗಭದ್ರೆಯಲ್ಲಿ ಮೊಸಳೆ ಇರುವುದರಿಂದ ಹೊಳೆಯ ಅಂಚಿನಲ್ಲಿ ಮಲಗಿ ಫೋಟೊ ತೆಗೆಯುವ ಮಾತೂ ಬೇಡ.

ಮೊಬೈಲಿನಲ್ಲಿ

ಬಹಳಷ್ಟು ಮೊಬೈಲುಗಳ ಮೇಲೆ ಬರೆದಿರುವ 2 ಮೆಗಾಪಿಕ್ಸೆಲ್ ಮ್ಯಾಕ್ರೋ ಕ್ಯಾಮೆರಾವನ್ನು ಮರೆತುಬಿಡಿ. ಅದರಲ್ಲಿ ವಿವರ ಉಳಿಯುವುದಿಲ್ಲ. ಮುಖ್ಯ ಕ್ಯಾಮೆರಾದಲ್ಲೇ 2ಎಕ್ಸ್ ಇಟ್ಟು, ಹೂವಿನಿಂದ 10ರಿಂದ 15 ಸೆಂ.ಮೀ. ದೂರದಿಂದ ತೆಗೆದರೆ ಹೆಚ್ಚು ಚೂಪಾಗಿ ಬರುತ್ತದೆ. ತೀರ ಹತ್ತಿರ ಒಯ್ದಾಗ ಪರದೆ ಮಸುಕಾದರೆ ಫೋಕಸ್ ಮಿತಿ ದಾಟಿದ್ದೀರಿ ಎಂದರ್ಥ. ನಿಧಾನ ಹಿಂದೆ ಸರಿಯಿರಿ. ಅಲ್ಟ್ರಾವೈಡ್ ಲೆನ್ಸಿನಿಂದಲೇ ಮ್ಯಾಕ್ರೋ ತೆಗೆಯುವ ಮೊಬೈಲುಗಳು 2 ಸೆಂ.ಮೀ.ವರೆಗೆ ಹತ್ತಿರ ಹೋಗುತ್ತವೆ, ಆದರೆ ಆ ದೂರದಲ್ಲಿ ಮೊಬೈಲಿನ ನೆರಳೇ ಹೂವಿನ ಮೇಲೆ ಬೀಳುತ್ತದೆ. ಬೆಳಕು ಪಕ್ಕದಿಂದ ಬರುವ ಹಾಗೆ ನಿಂತುಕೊಳ್ಳಿ.

ಸಿಕ್ಕಿಸುವ ಕ್ಲಿಪ್ ಲೆನ್ಸು ಕೊಂಡರೆ ಮುಖ್ಯ ಕ್ಯಾಮೆರಾದ ಕಣ್ಣಿಗೇ, ಸರಿಯಾಗಿ ನಡುವಿಗೆ ಕೂರಿಸಬೇಕು. ಒಂದು ಮಿ.ಮೀ. ಸರಿದರೂ ಒಂದು ಮೂಲೆ ಮಸುಕಾಗುತ್ತದೆ. ಮೊಬೈಲಿನ ಹಿಂಬದಿ ಕವರ್ ತೆಗೆಯದೆ ಸಿಕ್ಕಿಸಿದರೆ ಲೆನ್ಸು ಓರೆಯಾಗಿ ಕೂರುತ್ತದೆ, ಬಹಳ ಜನ ಎಡವುವುದು ಅಲ್ಲೇ. ಪರದೆಯ ಮೇಲೆ ಹೂವಿನ ಜಾಗದಲ್ಲಿ ಬೆರಳನ್ನು ಒತ್ತಿ ಹಿಡಿದರೆ ಫೋಕಸೂ ಬೆಳಕೂ ಅಲ್ಲಿಗೇ ಬಿಗಿಯುತ್ತವೆ. ಆಮೇಲೆ ಬೆಳಕಿನ ಗುರುತನ್ನು ಸ್ವಲ್ಪ ಕೆಳಗೆಳೆಯಿರಿ. ತುಂಬೆಯಂಥ ಬಿಳಿ ಹೂವಿಗೆ ಇದು ಕಡ್ಡಾಯ, ಇಲ್ಲವೆಂದರೆ ಎಸಳೆಲ್ಲ ಸುಣ್ಣ ಬಳಿದ ಹಾಗೆ ಬರುತ್ತದೆ.

ಕ್ಯಾಮೆರಾ ಇದ್ದವರಿಗೆ

ಮ್ಯಾಕ್ರೋ ಲೆನ್ಸ್ ಇದ್ದರೆ ಸರಿ. 100 ಮಿ.ಮೀ. ಸುತ್ತಲಿನದನ್ನು ಆರಿಸಿ. 60 ಮಿ.ಮೀ. ಲೆನ್ಸಿನಲ್ಲಿ ಹುಳದ ಮೂತಿಗೆ ಮೂಗು ತಾಗಿಸಬೇಕಾಗುತ್ತದೆ, ಅದು ಹಾರುತ್ತದೆ. ಮ್ಯಾಕ್ರೋ ಲೆನ್ಸ್ ಇಲ್ಲದವರಿಗೆ ಮೂರು ದಾರಿಗಳಿವೆ.

ಒಂದು, ಎಕ್ಸ್‌ಟೆನ್ಷನ್ ಟ್ಯೂಬ್. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಹಾಕುವ ಟೊಳ್ಳು ಬಳೆ, ಒಳಗೆ ಗಾಜಿಲ್ಲ. ಟ್ಯೂಬಿನ ಉದ್ದವನ್ನು ಲೆನ್ಸಿನ ಮೇಲೆ ಮಿ.ಮೀ.ಯಲ್ಲಿ ಬರೆದಿರುವ ಫೋಕಲ್ ಲೆಂಗ್ತ್‌ನಿಂದ ಭಾಗಿಸಿದರೆ ಎಷ್ಟು ಮ್ಯಾಗ್ನಿಫಿಕೇಷನ್ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕವಾದ ಸೆನ್ಸರಿನ ಮೇಲೆ ವಸ್ತು ತನ್ನ ಗಾತ್ರದ ಎಷ್ಟು ಪಟ್ಟು ಬೀಳುತ್ತದೆ ಎಂಬ ಅಂಕಿ) ಕೂಡುತ್ತದೆಂದು ಗೊತ್ತಾಗುತ್ತದೆ. 50 ಮಿ.ಮೀ. ಲೆನ್ಸಿಗೆ 36 ಮಿ.ಮೀ. ಟ್ಯೂಬ್ ಹಾಕಿದರೆ 0.72, ಲೆನ್ಸಿನದೇ ಸುಮಾರು 0.15 ಸೇರಿ 0.87ರ ಹತ್ತಿರ. ವಿದ್ಯುತ್ ಸಂಪರ್ಕವಿರುವ ಟ್ಯೂಬನ್ನೇ ಕೊಳ್ಳಿ, ಇಲ್ಲವೆಂದರೆ ಕ್ಯಾಮೆರಾದಿಂದ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಂಡಿ, ಬದಲಿಸಲಾಗದು. ಕ್ಯಾಮೆರಾದ ಜೊತೆಗೇ ಬರುವ 18-55 ಕಿಟ್ ಲೆನ್ಸಿಗೆ ಉದ್ದದ ಟ್ಯೂಬ್ ಹಾಕಿ 18ರಲ್ಲಿ ಇಟ್ಟರೆ ಏನೂ ಕಾಣದು, ಫೋಕಸ್ ಆಗುವ ಬಿಂದು ಲೆನ್ಸಿನ ಒಳಗೇ ಬಿದ್ದಿರುತ್ತದೆ. 55ರಲ್ಲಿ ಇಡಿ.

ಎರಡು, ಲೆನ್ಸಿನ ಮುಂದೆ ಹಾಕುವ ಕ್ಲೋಸಪ್ ಲೆನ್ಸು. ರೇನಾಕ್ಸ್ ಡಿಸಿಆರ್-250 ಇದರಲ್ಲಿ ಹೆಸರುವಾಸಿ, ಅದರ ಶಕ್ತಿ 8 ಡಯಾಪ್ಟರ್. ಅದರ ತಮ್ಮ 150ರ ಶಕ್ತಿ 4.8. ಜೂಮ್ ಲೆನ್ಸನ್ನು ಅನಂತಕ್ಕೆ ಫೋಕಸ್ ಮಾಡಿಟ್ಟಾಗ ಫೋಕಲ್ ಲೆಂಗ್ತ್ ಗುಣಿಸು ಡಯಾಪ್ಟರ್ ಭಾಗಿಸು 1000 ಎಂದರೆ ಮ್ಯಾಗ್ನಿಫಿಕೇಷನ್. 55-250 ಲೆನ್ಸಿನ ತುದಿಯಲ್ಲಿ 250 ಇಂಟು 8 ಭಾಗಿಸು 1000, ಅಂದರೆ 2 ಪಟ್ಟು. ಆಗ ಹುಳಕ್ಕೂ ಗಾಜಿಗೂ ನಡುವೆ ಹನ್ನೆರಡೂವರೆ ಸೆಂ.ಮೀ. ಉಳಿಯುತ್ತದೆ, 150ರಲ್ಲಾದರೆ ಇಪ್ಪತ್ತರ ಮೇಲೆ. ಮೊದಲ ಬಾರಿ ಕೊಳ್ಳುವವರಿಗೆ 150ನ್ನೇ ಹೇಳುತ್ತೇವೆ. ಏರೋಪ್ಲೇನ್ ಚಿಟ್ಟೆ, ಪಾತರಗಿತ್ತಿಗೆ ಅಷ್ಟು ಸಾಕು, ಅವು ಹೆದರುವುದೂ ಕಡಿಮೆ. ಈ ನೆಲದಲ್ಲಿ ಇದಕ್ಕೆ ಇನ್ನೊಂದು ಲಾಭವಿದೆ: ಲೆನ್ಸ್ ಬಿಚ್ಚುವ ಕೆಲಸವಿಲ್ಲದ್ದರಿಂದ ಸೆನ್ಸರಿಗೆ ಧೂಳು ಬೀಳುವುದಿಲ್ಲ.

ಮೂರು, ರಿವರ್ಸ್ ರಿಂಗ್. ಕೆಲವೇ ನೂರು ರೂಪಾಯಿಯ ಬಳೆ, ಹಳೆಯ 50 ಮಿ.ಮೀ. ಲೆನ್ಸನ್ನು ಹಿಂದುಮುಂದಾಗಿ ಕೂರಿಸುತ್ತದೆ. ವಿವರ ಬೆರಗಾಗುವಷ್ಟು ಬರುತ್ತದೆ. ಅಪರ್ಚರ್ ಬಳೆ ಇರುವ ಹಳೆಯ ಲೆನ್ಸೇ ಇದಕ್ಕೆ ಸರಿ. ಆದರೆ ಲೆನ್ಸಿನ ಹಿಂಬದಿಯ ಗಾಜು ಹೊರಗೆ ತೆರೆದಿರುತ್ತದೆ, ನಮ್ಮ ಧೂಳಿನಲ್ಲಿ ಅದು ಗೀರು ಬೀಳದೆ ಉಳಿಯುವುದು ಕಷ್ಟ. ಮನೆಯೊಳಗೆ, ಅಂಗಳದಲ್ಲಿ ಬಳಸಿ.

ಯಾವುದನ್ನೇ ಜೋಡಿಸಿದರೂ ಮೊದಲು ಸ್ಕೇಲಿನ ಫೋಟೊ ತೆಗೆಯಿರಿ. ಬಹಳಷ್ಟು ಕ್ಯಾಮೆರಾಗಳಲ್ಲಿರುವ ಎಪಿಎಸ್-ಸಿ ಗಾತ್ರದ ಸೆನ್ಸರಿನ ಅಗಲ ಸುಮಾರು 23 ಮಿ.ಮೀ. ಚಿತ್ರದಲ್ಲಿ ಸ್ಕೇಲಿನ 23 ಮಿ.ಮೀ. ಬಂದರೆ ಒಂದಕ್ಕೆ ಒಂದು, 12 ಮಿ.ಮೀ.ಯಷ್ಟೇ ಬಂದರೆ ಎರಡು ಪಟ್ಟು. ಈ ಅಂಕಿ ಗೊತ್ತಿದ್ದರೆ ಮುಂದಿನದೆಲ್ಲ ಸುಲಭ.

ಕೂದಲೆಳೆಯಷ್ಟು ಫೋಕಸ್

ಮ್ಯಾಕ್ರೋ ಎಂದರೆ ಫೋಕಸಿನ ಆಳದ ಜೊತೆ ಜಗಳ. ಎಪಿಎಸ್-ಸಿ ಕ್ಯಾಮೆರಾದಲ್ಲಿ ಅಪರ್ಚರ್ ಎಫ್/8 ಇಟ್ಟು (ಎಫ್ ಅಂಕಿ ಏರಿದಷ್ಟೂ ಕಂಡಿ ಸಣ್ಣ) ಅರ್ಧ ಪಟ್ಟಿನಲ್ಲಿ ತೆಗೆದರೆ ಸ್ಪಷ್ಟವಾಗಿ ಬರುವ ಆಳ 2 ಮಿ.ಮೀ. ಹತ್ತಿರ. ಒಂದಕ್ಕೆ ಒಂದರಲ್ಲಿ 0.6 ಮಿ.ಮೀ. ಎರಡು ಪಟ್ಟಿನಲ್ಲಿ 0.25 ಮಿ.ಮೀ., ಹೆಚ್ಚುಕಡಿಮೆ ಮೂರು ಕಾಗದದ ದಪ್ಪ. ಹಾಗಾದರೆ ಎಫ್/22 ಇಡೋಣ ಎಂದು ಎಲ್ಲರಿಗೂ ಮೊದಲು ಅನ್ನಿಸುತ್ತದೆ. ಒಂದಕ್ಕೆ ಒಂದರಲ್ಲಿ ಲೆನ್ಸಿನ ಎಫ್/11 ನಿಜಕ್ಕೂ ಎಫ್/22ರಂತೆ ಕೆಲಸ ಮಾಡುತ್ತದೆ. ಅದಕ್ಕಿಂತ ಮುಚ್ಚಿದರೆ ಬೆಳಕು ಸಣ್ಣ ಕಂಡಿಯಲ್ಲಿ ಚದುರಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಒಂದಕ್ಕೆ ಒಂದರಲ್ಲಿ ಎಫ್/8ರಿಂದ 11, ಎರಡು ಪಟ್ಟಿನಲ್ಲಿ ಎಫ್/5.6ರಿಂದ 8, ಅದರಾಚೆ ಹೋಗಬೇಡಿ.

ಇರುವ ಆಳವನ್ನು ಸರಿಯಾದ ಕಡೆ ಹಾಕುವುದೇ ಕೈಚಳಕ. ಪಾತರಗಿತ್ತಿ ರೆಕ್ಕೆ ಮಡಚಿ ಕೂತಿದ್ದರೆ ಕ್ಯಾಮೆರಾದ ಬೆನ್ನು ರೆಕ್ಕೆಗೆ ಸಮಾನಾಂತರ ಬರುವಂತೆ ಪಕ್ಕದಿಂದ ಹಿಡಿಯಿರಿ. ಇಡೀ ರೆಕ್ಕೆ ಒಂದೇ ಸಮತಲದಲ್ಲಿ ಬೀಳುತ್ತದೆ. ಮಿಡತೆ, ಜೇಡ, ಕಪ್ಪೆಗೆ ಹತ್ತಿರದ ಕಣ್ಣಿಗೇ ಫೋಕಸ್. ಕಣ್ಣು ಮಸುಕಾಗಿ ಕಾಲು ಚೂಪಾಗಿ ಬಂದ ಚಿತ್ರವನ್ನು ಇಟ್ಟುಕೊಳ್ಳಬೇಡಿ.

ಆಟೊ ಫೋಕಸ್ ಈ ದೂರದಲ್ಲಿ ಹಿಂದೆ ಮುಂದೆ ಅಲೆಯುತ್ತದೆ, ಬಂದ್ ಮಾಡಿ. ಬೇಕಾದ ಮ್ಯಾಗ್ನಿಫಿಕೇಷನ್‌ಗೆ ಲೆನ್ಸನ್ನು ಇಟ್ಟು, ಮೊಣಕೈಗಳನ್ನು ಪಕ್ಕೆಗೋ ನೆಲಕ್ಕೋ ಊರಿ, ಉಸಿರು ಅರ್ಧ ಬಿಟ್ಟು, ಮೈಯನ್ನೇ ಕೂದಲೆಳೆಯಷ್ಟು ಮುಂದೆ ತನ್ನಿ. ಕಣ್ಣು ಚೂಪಾದ ಕ್ಷಣಕ್ಕೆ ನಾಲ್ಕೈದು ಚಿತ್ರ ಹೊಡೆಯಿರಿ. ಹತ್ತರಲ್ಲಿ ಒಂದು ಸರಿ ಬಂದರೆ ಅದೇ ಒಳ್ಳೆಯ ಲೆಕ್ಕ. ನೆಲಮಟ್ಟದ ಹೂವಿಗೆ ಟ್ರೈಪಾಡಿಗಿಂತ ಕಾಳಿನ ಚೀಲ ವಾಸಿ. ಹಳೆಯ ಜೀನ್ಸ್ ಪ್ಯಾಂಟಿನ ಕಾಲನ್ನು ಒಂದಡಿ ಉದ್ದ ಕತ್ತರಿಸಿ, ಒಂದು ಬಾಯಿ ಹೊಲಿದು, ಮುಕ್ಕಾಲು ಭಾಗ ಬಿಳಿಜೋಳ ತುಂಬಿ ಇನ್ನೊಂದು ಬಾಯಿಯನ್ನೂ ಹೊಲಿಯಿರಿ. ಒಂದೂವರೆ ಕಿಲೊ ಹಿಡಿಯುತ್ತದೆ. ಪೂರ್ತಿ ತುಂಬಿದರೆ ಚೀಲ ಕಲ್ಲಿನಂತಾಗಿ ಲೆನ್ಸು ಜಾರುತ್ತದೆ. ಮಂಡಕ್ಕಿ ತುಂಬಿದರೆ ಹಗುರಾಗಿ ಅಲುಗಾಡುತ್ತದೆ. ಮಳೆಯಲ್ಲಿ ನೆನೆದರೆ ಅದೇ ದಿನ ಒಣಗಿಸಿ, ಜೋಳ ಮೊಳಕೆ ಬರುತ್ತದೆ.

ಬೆಳಕು

ಒಂಬತ್ತು ಗಂಟೆಯ ಬಿಸಿಲಿನಲ್ಲಿ ತೆಗೆದ ತುಂಬೆಯ ಎಸಳು ಸುಟ್ಟ ಬಿಳಿ, ನೆರಳು ಕಡು ಕಪ್ಪು. ಇದನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಪಡಿಸಲಾಗದು. ಹೂವಿಗೆ ಸುಲಭದ ಉಪಾಯ ಹಳೆಯ ಬಿಳಿ ಧೋತರ. ಇಬ್ಬರು ಎರಡು ತುದಿ ಹಿಡಿದು ಹೂವಿನ ಮೇಲೆ ಒಂದೂವರೆ ಅಡಿ ಎತ್ತರಕ್ಕೆ ಚಾಚಿದರೆ ಬಿಸಿಲು ಮೋಡದ ಬೆಳಕಾಗುತ್ತದೆ, ಗಾಳಿಗೂ ಮರೆ. ಒಬ್ಬರೇ ಇದ್ದರೆ ಬಿಳಿ ಛತ್ರಿ. ಬಣ್ಣದ ಛತ್ರಿ ಬೇಡ, ಹೂವಿಗೂ ಆ ಬಣ್ಣ ಹತ್ತುತ್ತದೆ. ನೆರಳಿನ ಬದಿಗೆ ಒಂದು ಬಿಳಿ ಕಾಗದ ಒರಗಿಸಿದರೆ ಕಪ್ಪು ತಿಳಿಯಾಗುತ್ತದೆ.

ಹುಳ, ಕಪ್ಪೆಗಳಿಗೆ ಫ್ಲ್ಯಾಶ್ ಬೇಕು. ಅದನ್ನು 1/16 ಅಥವಾ 1/32 ಶಕ್ತಿಯಲ್ಲಿ ಹೊಡೆದಾಗ ಬೆಳಕು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗದ ಹತ್ತಿರ ಮಾತ್ರ ಉರಿಯುತ್ತದೆ. ಅಷ್ಟರೊಳಗೆ ನಿಮ್ಮ ಕೈ ನಡುಕವೂ ಹುಳದ ಮೀಸೆಯ ಅಲುಗಾಟವೂ ಹೆಪ್ಪುಗಟ್ಟುತ್ತವೆ. ಶುರುವಿಗೆ ಈ ಸೆಟ್ಟಿಂಗ್ ಇಡಿ: ಮ್ಯಾನ್ಯುಯಲ್, ಶಟರ್ 1/160, ಎಫ್/8, ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 200, ಫ್ಲ್ಯಾಶ್ 1/16. ಕಪ್ಪಾದರೆ ಮೊದಲು ಐಎಸ್‌ಒ 400ಕ್ಕೆ ಏರಿಸಿ, ಫ್ಲ್ಯಾಶಿನ ಶಕ್ತಿ ಏರಿಸುವುದು ಆಮೇಲೆ.

ಬರೀ ಫ್ಲ್ಯಾಶ್ ಹೊಡೆದರೆ ಜೀರುಂಡೆಯ ಬೆನ್ನ ಮೇಲೆ ಬಿಳಿ ಚುಕ್ಕೆ ಉರಿಯುತ್ತದೆ. ಅದನ್ನು ಹರಡಿಸುವ ಡಿಫ್ಯೂಸರನ್ನು ಮನೆಯಲ್ಲೇ ಮಾಡಿ. ತೆಳು ರಟ್ಟನ್ನು ಅಗಲ ಬಾಯಿಯ ಲಾಳಿಕೆಯ ಆಕಾರಕ್ಕೆ ಮಡಚಿ. ಹಿಂದಿನ ತುದಿ ಫ್ಲ್ಯಾಶಿನ ತಲೆಗೆ ಬಿಗಿಯಾಗಿ ಕೂರಬೇಕು, ಮುಂದಿನ ಬಾಯಿ 20 ಸೆಂ.ಮೀ. ಅಗಲ, 15 ಸೆಂ.ಮೀ. ಎತ್ತರ ಇರಬೇಕು. ಒಳಗೆಲ್ಲ ಅಡುಗೆಮನೆಯ ಅಲ್ಯುಮಿನಿಯಂ ಹಾಳೆ ಅಂಟಿಸಿ. ಬಾಯಿಗೆ ಟಿವಿ, ಮಿಕ್ಸರ್ ಸುತ್ತಿ ಬರುವ ತೆಳು ಬಿಳಿ ಫೋಮಿನ ಹಾಳೆಯನ್ನು ಎರಡು ಪದರ, ನಡುವೆ ಎರಡು ಸೆಂ.ಮೀ. ಸಂದು ಬಿಟ್ಟು ಕಟ್ಟಿ. ಒಂದೇ ಪದರವಾದರೆ ನಡುವೆ ಉರಿ ಚುಕ್ಕೆ ಉಳಿಯುತ್ತದೆ. ಈ ಬಾಯಿ ಲೆನ್ಸಿನ ತುದಿಯ ಮೇಲೆ ಚಾಚಿ ಹುಳದಿಂದ 8-10 ಸೆಂ.ಮೀ. ದೂರದಲ್ಲಿರಬೇಕು. ಹುಳಕ್ಕೆ ಕಾಣುವ ದೀಪ ಎಷ್ಟು ದೊಡ್ಡದೋ ಬೆಳಕು ಅಷ್ಟು ಮೆದು. ಅದೇ ಡಿಫ್ಯೂಸರನ್ನು ಎರಡಡಿ ದೂರ ಇಟ್ಟರೆ ಮತ್ತೆ ಗಡುಸಾಗುತ್ತದೆ.

ಹಿನ್ನೆಲೆ ಇಡೀ ಕಪ್ಪಾಗುವುದು ಫ್ಲ್ಯಾಶಿನ ಇನ್ನೊಂದು ಕಾಟ. ಕಾರಣ ಸರಳ: ದೂರ ಹತ್ತು ಪಟ್ಟಾದರೆ ಬೆಳಕು ನೂರನೇ ಒಂದು ಪಾಲಿಗೆ ಇಳಿಯುತ್ತದೆ. ಹುಳ 8 ಸೆಂ.ಮೀ. ದೂರ, ಹಿಂದಿನ ಪೊದೆ 80 ಸೆಂ.ಮೀ. ದೂರವಿದ್ದರೆ ಪೊದೆ ಕತ್ತಲೆಯೇ. ಹುಳದ ಹಿಂದೆ ನಾಲ್ಕೈದು ಸೆಂ.ಮೀ. ದೂರದಲ್ಲಿ ಎಲೆ ಬರುವ ಕೋನ ಹುಡುಕಿ, ಇಲ್ಲವೇ ಒಣಗಿದ ಒಂದು ಎಲೆಯನ್ನೇ ಹಿಂದೆ ಹಿಡಿಯಿರಿ.

ಹೂವು

ಹೂವಿನಲ್ಲಿ ಕೆಡುವುದು ಹೆಚ್ಚಾಗಿ ಹಿನ್ನೆಲೆಯೇ. ಪಾರ್ಥೇನಿಯಂ ಕಡ್ಡಿ, ಗುಟ್ಕಾ ಚೀಟಿ, ಬಿಳಿ ಆಕಾಶದ ತುಂಡು ಯಾವುದೂ ಚೌಕಟ್ಟಿನಲ್ಲಿ ಬೇಡ. ಕ್ಯಾಮೆರಾ ಎರಡು ಬೆರಳು ಕೆಳಗಿಳಿಸಿದರೆ ಹಿನ್ನೆಲೆ ಪೂರ್ತಿ ಬದಲಾಗುತ್ತದೆ. ಕಿತ್ತು ಸ್ವಚ್ಛ ಮಾಡುವ ಬದಲು ಅಡ್ಡ ಬಂದ ಹುಲ್ಲನ್ನು ಬಟ್ಟೆ ಕ್ಲಿಪ್ಪಿನಿಂದ ಪಕ್ಕಕ್ಕೆ ಸರಿಸಿ ಹಿಡಿಯಿರಿ, ಮುಗಿದ ಮೇಲೆ ಬಿಡಿ. ಅದೇ ಕ್ಲಿಪ್ಪನ್ನು ನೆಲಕ್ಕೆ ಚುಚ್ಚಿದ ಕಡ್ಡಿಗೆ ಕಟ್ಟಿದರೆ ಅಲುಗಾಡುವ ದಂಟನ್ನೂ ನಿಲ್ಲಿಸಬಹುದು. ಹೂವಿಗೆ ಒಂದು ಗೇಣು ಕೆಳಗೆ ಹಿಡಿಸಿ, ಬಿಗಿಯಾಗಿ ಕಚ್ಚಿದರೆ ದಂಟು ಜಜ್ಜುತ್ತದೆ.

ಕನ್ನೆ, ವಿಷ್ಣುಕ್ರಾಂತಿ ಎರಡೂ ಹೊತ್ತೇರಿದರೆ ಮುಚ್ಚುವುದರಿಂದ ಮೊದಲು ಅವುಗಳನ್ನು ಮುಗಿಸಿ, ತಂಗಡಿ, ಎಕ್ಕವನ್ನು ಆಮೇಲೆ ನೋಡಿ. ನೆಗ್ಗಿಲಿನ ಪಕ್ಕ ಮೊಣಕೈ ಊರುವ ಮೊದಲು ನೆಲ ನೋಡಿ, ಅದರ ಮುಳ್ಳು ಚಪ್ಪಲಿಯನ್ನೂ ದಾಟುತ್ತದೆ. ಒಂದು ಗೋಣಿಚೀಲ ಜೊತೆಗಿರಲಿ.

ಅಲುಗಾಡದ ಹೂವಿಗೆ ಫೋಕಸನ್ನು ಹೆಜ್ಜೆಹೆಜ್ಜೆಯಾಗಿ ಸರಿಸುತ್ತ ತೆಗೆದ ಹಲವು ಚಿತ್ರ ಸೇರಿಸುವ ಸ್ಟ್ಯಾಕಿಂಗ್ ಮಾಡಬಹುದು. ಒಂದಕ್ಕೆ ಒಂದರಲ್ಲಿ ಎಫ್/5.6 ಇಟ್ಟರೆ ಒಂದು ಚಿತ್ರದ ಆಳ 0.45 ಮಿ.ಮೀ. ಪ್ರತಿ ಹೆಜ್ಜೆ 0.3 ಮಿ.ಮೀ. ಇಟ್ಟರೆ 6 ಮಿ.ಮೀ. ಆಳದ ಹೂವಿಗೆ ಇಪ್ಪತ್ತು ಚಿತ್ರ. ಗಾಳಿ ಇರುವ ದಿನ ಇದನ್ನು ಕೈಗೆತ್ತಿಕೊಳ್ಳಲೇಬೇಡಿ, ಎಸಳಿನ ಅಂಚು ಎರಡೆರಡಾಗಿ ಕಾಣುತ್ತದೆ.

ಒಂದು ಎಕ್ಕದ ಗಿಡ

ಹುಳ ಹುಡುಕುತ್ತ ಮೈಲಿಗಟ್ಟಲೆ ಅಲೆಯುವವರಿಗಿಂತ ಒಂದೇ ಎಕ್ಕದ ಗಿಡದ ಮುಂದೆ ಗಂಟೆ ಹೊತ್ತು ಕೂರುವವರಿಗೆ ಹೆಚ್ಚು ಸಿಗುತ್ತದೆ. ಎಕ್ಕ ಇಲ್ಲದ ಓಣಿ ನಮ್ಮ ಕಡೆ ಇಲ್ಲ, ವರ್ಷಪೂರ್ತಿ ಹಸಿರು.

ಮೊದಲು ಎಳೆಯ ಚಿಗುರಿನ ಕೆಳಗೆ ನೋಡಿ. ಅರಿಶಿನ ಬಣ್ಣದ ಸಸ್ಯಹೇನುಗಳು ಗುಂಪುಗುಂಪಾಗಿ ಅಂಟಿರುತ್ತವೆ. ಅವನ್ನು ತಿನ್ನಲು ಗುಲಗಂಜಿ ಹುಳದ ಮರಿಗಳು, ಹೇನುಗಳ ಸಿಹಿನೀರಿಗೆ ಇರುವೆಗಳು. ಎರಡು ಪಟ್ಟಿನ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಇಲ್ಲ, ಹೇನು ಓಡಿಹೋಗುವುದಿಲ್ಲ. ಇನ್ನು ಎಲೆಯಲ್ಲಿ ತೂತು ಕಂಡರೆ ಎಲೆ ಮಗುಚದೆ, ಮೊಬೈಲನ್ನು ಕೆಳಗೆ ಹಿಡಿದು ನೋಡಿ. ಕಪ್ಪು, ಬಿಳಿ, ಹಳದಿ ಪಟ್ಟೆಯ, ಬೆನ್ನ ಮೇಲೆ ಮೂರು ಜೋಡಿ ಕಪ್ಪು ಎಳೆಗಳಿರುವ ಕಂಬಳಿಹುಳ ಕಂಡರೆ ಅದು ಪ್ಲೇನ್ ಟೈಗರ್ ಪಾತರಗಿತ್ತಿಯ ಮರಿ. ಎಕ್ಕದ ವಿಷವನ್ನು ಮೈಗೂಡಿಸಿಕೊಂಡಿದ್ದರಿಂದ ಅದಕ್ಕೆ ಬಚ್ಚಿಟ್ಟುಕೊಳ್ಳುವ ಅವಸರವಿಲ್ಲ. ತಿನ್ನುವಾಗ ತಲೆ ಮೇಲಿನಿಂದ ಕೆಳಗೆ ಒಂದೇ ಲಯದಲ್ಲಿ ಇಳಿದು ಮತ್ತೆ ಮೇಲೇರುತ್ತದೆ. ಮೇಲಿನ ತುದಿಗೆ ಬಂದು ನಿಲ್ಲುವ ಅರೆಕ್ಷಣಕ್ಕೆ ಶಟರ್ ಒತ್ತಿ. ಪಕ್ಕದಿಂದ ಹಿಡಿದರೆ ಪಟ್ಟೆಗಳೆಲ್ಲ ಒಂದೇ ಸಮತಲದಲ್ಲಿ ಚೂಪಾಗಿ ಬರುತ್ತವೆ.

ಹಳದಿ, ನೀಲಿಹಸಿರು ಪಟ್ಟೆಯ ದೊಡ್ಡ ಎಕ್ಕದ ಮಿಡತೆಯೂ ಅಲ್ಲೇ ಇರುತ್ತದೆ. ಹಿಡಿಯಲು ಹೋದರೆ ಕಹಿ ರಸ ಚಿಮ್ಮಿಸುತ್ತದೆ, ಹಿಡಿಯದಿದ್ದರೆ ಸಾವಧಾನವಾಗಿ ಕೂರುತ್ತದೆ. ಅದರ ಮೈ ನುಣುಪಾದ್ದರಿಂದ ಡಿಫ್ಯೂಸರ್ ಇಲ್ಲದೆ ತೆಗೆಯಬೇಡಿ. ಎಲೆ ಮುರಿದಾಗ ಬರುವ ಎಕ್ಕದ ಹಾಲು ಕಣ್ಣಿಗೆ ತಾಗಿದರೆ ದೃಷ್ಟಿಗೇ ಅಪಾಯ. ಗಿಡ ಮುಟ್ಟಿದ ಕೈಯಲ್ಲಿ ಕಣ್ಣು ಉಜ್ಜಬೇಡಿ, ವ್ಯೂಫೈಂಡರಿನ ರಬ್ಬರನ್ನೂ ಮುಟ್ಟಬೇಡಿ. ತಾಗಿಯೇಬಿಟ್ಟರೆ ಬಹಳ ಹೊತ್ತು ಶುದ್ಧ ನೀರಿನಿಂದ ತೊಳೆದು ನೇರ ಕಣ್ಣಿನ ಡಾಕ್ಟರ ಬಳಿ ಹೋಗಿ.

ಹುಳದ ಹತ್ತಿರ ಹೋಗುವುದಕ್ಕೂ ಕ್ರಮವಿದೆ. ನಿಮ್ಮ ನೆರಳು ಅದರ ಮೇಲೆ ಬಿದ್ದರೆ ಮುಗಿಯಿತು. ಹತ್ತು ಅಡಿ ದೂರದಲ್ಲೇ ಕೂತು, ಕ್ಯಾಮೆರಾವನ್ನು ಮುಖದ ಮುಂದೆ ಎತ್ತಿಕೊಂಡೇ ಜರುಗಿ. ಹತ್ತಿರ ಹೋದ ಮೇಲೆ ಕೈ ಎತ್ತಿದರೆ ಆ ಚಲನೆಗೇ ಹಾರುತ್ತದೆ. ಏರೋಪ್ಲೇನ್ ಚಿಟ್ಟೆ ಹಾರಿದರೂ ಎದೆಗುಂದಬೇಡಿ. ಅದು ಬಹುತೇಕ ಅದೇ ಕಡ್ಡಿಗೆ ಮರಳುತ್ತದೆ, ಹಾರಿದ ಹೊತ್ತಿನಲ್ಲೇ ಎರಡು ಹೆಜ್ಜೆ ಮುಂದೆ ಸರಿದು ಕಡ್ಡಿಗೆ ಫೋಕಸ್ ಮಾಡಿ ಕಾಯಿರಿ. ಚೆಂದದ ಚಿತ್ರಕ್ಕೆಂದು ಹುಳವನ್ನು ಫ್ರಿಜ್ಜಿನಲ್ಲಿಟ್ಟು ಜಡ ಮಾಡುವುದು, ಗೋಂದು ಹಾಕಿ ಅಂಟಿಸುವುದು ಕ್ರೂರ. ಅಂಥ ಚಿತ್ರದಲ್ಲಿ ಕಾಲುಗಳ ಭಂಗಿ ನೋಡಿಯೇ ಬಲ್ಲವರಿಗೆ ಗೊತ್ತಾಗುತ್ತದೆ.

ಮಿರಗದ ಕೆಂಪು ಮಖಮಲ್ ಹುಳಕ್ಕೆ ಎಂಟು ಕಾಲು, ಅದು ಉಣ್ಣೆಯ ಜಾತಿಗೆ ಸೇರಿದ್ದು. ಕೆಂಪು ಬಣ್ಣ ಬೇಗ ಉಕ್ಕಿ ಕೂದಲಿನ ವಿವರ ಅಳಿಸಿಹೋಗುವುದರಿಂದ ಬೆಳಕನ್ನು ಮೂರನೇ ಎರಡು ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಇಳಿಸಿ ತೆಗೆಯಿರಿ.

ಕಪ್ಪೆ

ಮೊದಲ ದೊಡ್ಡ ಮಳೆಯ ರಾತ್ರಿ ಗೋಂಕರು ಕಪ್ಪೆಯ (ಬುಲ್‌ಫ್ರಾಗ್) ಗಂಡು ಅರಿಶಿನ ಹಳದಿಗೆ ತಿರುಗಿ, ಗಂಟಲಿನ ಎರಡು ಬದಿಗೆ ನೀಲಿ ಚೀಲ ಉಬ್ಬಿಸಿ ಕೂಗುತ್ತದೆ. ಈ ಬಣ್ಣ ಹೆಚ್ಚು ದಿನ ಇರುವುದಿಲ್ಲ, ನಾಳೆ ನೋಡೋಣ ಎಂದರೆ ಮುಂದಿನ ವರ್ಷವೇ. ನೆಲಗಪ್ಪೆ ಬೀದಿದೀಪದ ಕೆಳಗೆ ಹುಳ ತಿನ್ನಲು ಬರುತ್ತದೆ. ಮರಗಪ್ಪೆ ಬಚ್ಚಲ ಗೋಡೆ, ನೀರಿನ ಟ್ಯಾಂಕಿನ ಸಂದಿನಲ್ಲಿ ಸಿಗುತ್ತದೆ.

ಕೂಗು ಕೇಳಿ ಹೊಂಡಕ್ಕೆ ಹೋದರೆ ಎಲ್ಲವೂ ಒಮ್ಮೆಗೇ ಸುಮ್ಮನಾಗುತ್ತವೆ. ಟಾರ್ಚನ್ನು ನೆಲಕ್ಕೆ ತಿರುಗಿಸಿ ಐದು ನಿಮಿಷ ಕಂಬದಂತೆ ನಿಲ್ಲಿ. ಒಂದು ಶುರು ಮಾಡಿದರೆ ಉಳಿದವು ಹಿಂಬಾಲಿಸುತ್ತವೆ. ಇಬ್ಬರಿದ್ದರೆ ನಾಲ್ಕು ಗಜ ಅಂತರದಲ್ಲಿ ನಿಂತು ಕೂಗು ಬಂದ ದಿಕ್ಕಿಗೆ ಕೈ ತೋರಿಸಿ, ಎರಡು ಕೈಗಳ ಗೆರೆ ಕೂಡುವಲ್ಲಿ ಕಪ್ಪೆ ಇರುತ್ತದೆ. ಟಾರ್ಚಿಗೆ ಕೆಂಪು ಜಿಲೆಟಿನ್ ಹಾಳೆ ಸುತ್ತಿದರೆ ಅವು ಅಷ್ಟಾಗಿ ಬೆದರುವುದಿಲ್ಲ. ಕ್ಯಾಮೆರಾ ಕಪ್ಪೆಯ ಕಣ್ಣಿನ ಮಟ್ಟಕ್ಕೆ, ಅಂದರೆ ಕೆಸರಿನಿಂದ ಮೂರು ಬೆರಳು ಎತ್ತರಕ್ಕೆ ಇಳಿಯಬೇಕು. ಮೇಲಿನಿಂದ ತೆಗೆದ ಕಪ್ಪೆ ಮಣ್ಣುಂಡೆಯ ಹಾಗೆ ಕಾಣುತ್ತದೆ. ಒದ್ದೆ ಚರ್ಮ ಬಹಳ ಹೊಳೆಯುವುದರಿಂದ ಫ್ಲ್ಯಾಶನ್ನು ಲೆನ್ಸಿನ ಮೇಲಿಂದ ತೆಗೆದು ಸ್ವಲ್ಪ ಪಕ್ಕಕ್ಕೆ, ಮೇಲಕ್ಕೆ ಹಿಡಿಯಿರಿ. ಒಂದು ಕಪ್ಪೆಗೆ ಹತ್ತು ಹನ್ನೆರಡು ಫ್ಲ್ಯಾಶ್ ಸಾಕು. ಕೂಗು ನಿಲ್ಲಿಸಿ ಅತ್ತಿತ್ತ ತಿರುಗತೊಡಗಿದರೆ ಬಿಟ್ಟು ಬನ್ನಿ, ಜೊತೆ ಹುಡುಕಲು ಅದಕ್ಕಿರುವುದು ಕೆಲವೇ ರಾತ್ರಿ.

ಕಪ್ಪೆಯನ್ನು ಕೈಯಲ್ಲಿ ಹಿಡಿಯಬೇಡಿ. ಅದು ಚರ್ಮದಿಂದಲೂ ಉಸಿರಾಡುತ್ತದೆ, ನೀರು ಕುಡಿಯುವುದೂ ಚರ್ಮದಿಂದಲೇ. ಕೈಗೆ ಹಚ್ಚಿದ ಸೊಳ್ಳೆ ಕ್ರೀಮು, ಸ್ಯಾನಿಟೈಸರ್ ಅದರ ಮೈಯೊಳಗೆ ಹೋಗುತ್ತದೆ. ಒಂದು ಹೊಂಡದ ಕೆಸರು ಮೆತ್ತಿದ ಬೂಟಿನಲ್ಲಿ ಇನ್ನೊಂದು ಹೊಂಡಕ್ಕೆ ಇಳಿಯುವ ಮೊದಲು ತೊಳೆದು ಒಣಗಿಸಿ, ಕಪ್ಪೆಗಳ ಚರ್ಮರೋಗದ ಶಿಲೀಂಧ್ರ ಹಾಗೇ ದಾಟುತ್ತದೆ. ಗೋಂಕರು ಕಪ್ಪೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ.

ಕಪ್ಪೆ ಇದ್ದಲ್ಲಿ ಹಾವು. ಕೊಳಕುಮಂಡಲ, ನಾಗರ ಎರಡೂ ಬದುವಿನಲ್ಲೇ ಓಡಾಡುತ್ತವೆ, ಮಸಾರಿ ಕಲ್ಲುನೆಲದಲ್ಲಿ ಗರಗಸಮಂಡಲ ಇರುತ್ತದೆ. ಮೊಣಕಾಲುದ್ದದ ಗಮ್‌ಬೂಟು, ಕೋಲು, ತಲೆಗೆ ಕಟ್ಟುವ ಟಾರ್ಚ್ ಇಲ್ಲದೆ ರಾತ್ರಿ ಇಳಿಯಬೇಡಿ. ಮಲಗುವ ಮೊದಲು ಸುತ್ತ ಮೂರು ಅಡಿ ಬೆಳಕು ಹಾಯಿಸಿ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ನಾಟಿ ಮದ್ದು ಯಾವುದೂ ಬೇಡ. ಕಾಲು ಅಲುಗಿಸದೆ, ನೇರ ಆ್ಯಂಟಿವೆನಮ್ ಇರುವ ದೊಡ್ಡ ಸರ್ಕಾರಿ ಆಸ್ಪತ್ರೆಗೆ.

ಮನೆಗೆ ಬಂದ ಮೇಲೆ

ಕ್ಯಾಮೆರಾವನ್ನು ಬಟ್ಟೆಯಿಂದ ಒರೆಸುವ ಮೊದಲು ಗಾಳಿ ಊದುವ ರಬ್ಬರ್ ಬುಡ್ಡಿಯಿಂದ ಧೂಳು ಹಾರಿಸಿ. ನಮ್ಮ ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಇರುತ್ತದೆ, ಒಣ ಬಟ್ಟೆಯಲ್ಲಿ ಉಜ್ಜಿದರೆ ಗಾಜು ಗೀರುತ್ತದೆ. ಎಸಿ ಕೋಣೆಯಿಂದ ಕ್ಯಾಮೆರಾವನ್ನು ನೇರ ಮಳೆಗಾಲದ ಬಯಲಿಗೆ ಒಯ್ದರೆ ಲೆನ್ಸಿನ ಮೇಲೆ ಹಬೆ ಕೂರುತ್ತದೆ. ಅರ್ಧ ಗಂಟೆ ಮೊದಲೇ ಚೀಲದೊಳಗೆ ಹೊರಗಿಡಿ.

ಹೆಸರು ಪತ್ತೆಗೆ ಒಂದು ಚೆಂದದ ಚಿತ್ರ ಸಾಲದು. ಹೂವಿಗೆ ಇಡೀ ಗಿಡ, ಎಲೆಯ ಎರಡೂ ಮಗ್ಗುಲು, ಹೂವಿನ ಹಿಂಬದಿ. ಹುಳಕ್ಕೆ ಮೇಲಿನಿಂದ, ಪಕ್ಕದಿಂದ, ಎದುರಿನಿಂದ, ಜೊತೆಗೆ ಅದು ಕೂತ ಗಿಡ. ಕಪ್ಪೆಗೆ ಬೆನ್ನು, ಕಣ್ಣಿನ ಹಿಂದಿನ ಕಿವಿಯ ತಮಟೆ ಕಾಣುವ ಪಕ್ಕದ ನೋಟ, ಹಿಂಗಾಲಿನ ಬೆರಳ ನಡುವಿನ ಪೊರೆ, ಮತ್ತು ಮೊಬೈಲಿನಲ್ಲಿ ಒಂದು ನಿಮಿಷದ ಕೂಗು. ಅಳತೆಗೆ ಹತ್ತು ರೂಪಾಯಿ ನಾಣ್ಯವನ್ನು ಪಕ್ಕದಲ್ಲಿಟ್ಟು ಬೇರೆ ಒಂದು ಚಿತ್ರ ತೆಗೆಯಿರಿ, ಅದರ ಅಗಲ 27 ಮಿ.ಮೀ. ದಿನಾಂಕ, ಊರು, ಮಸಾರಿಯೋ ಎರಿಯೋ ಎಂಬುದನ್ನು ಕಡತದ ಹೆಸರಿನಲ್ಲೇ ಬರೆದು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅಥವಾ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಏರಿಸಿದರೆ ಬಲ್ಲವರು ಹೆಸರು ಹೇಳುತ್ತಾರೆ. ಗೋಂಕರು ಕಪ್ಪೆಯ ಹೊಂಡವನ್ನು ಹಾಕುವಾಗ ಮಾತ್ರ ಜಾಗ ಮರೆಮಾಡುವ ಆಯ್ಕೆ ಒತ್ತಿ, ಮಾಂಸಕ್ಕೆ ಹಿಡಿಯುವವರೂ ನಕ್ಷೆ ನೋಡಬಲ್ಲರು.